ನೀರಿಗೂ ಒಂದು ಪಾಸ್‌ಬುಕ್ ಬೇಕು

ಕೋಲಾರವನ್ನು ಹಾಲು, ರೇಷ್ಮೆ, ಚಿನ್ನದ ನಾಡು ಎಂದು ಕರೆಯುವುದುಂಟು. ಹಾಲು ಈಗಲೂ ಇದೆ, ರೇಷ್ಮೆಯೂ ಇದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಈ ಪಟ್ಟಿಯಲ್ಲಿ ನೀರಿನ ಹೆಸರು ಎಂದೂ ಇರಲಿಲ್ಲ, ಗಮನಿಸಿದ್ದೀರಾ? ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಪಾಲಾರ್ ನದಿ ನಂದಿಬೆಟ್ಟದ ಕಡೆ ಹುಟ್ಟಿ ಕೋಲಾರ ಜಿಲ್ಲೆಯನ್ನು ಹಾದು ತಮಿಳುನಾಡಿಗೆ ಹೋಗುತ್ತದೆ ನಿಜ. ಆದರೆ ಬೇಸಿಗೆಯಲ್ಲಿ ಹೋದರೆ ಮರಳು ಕಾಣುತ್ತದೆಯೇ ಹೊರತು ನೀರು ಕಾಣುವುದಿಲ್ಲ. ಅದಕ್ಕೇ ಹಿಂದಿನವರು ಹೊಳೆಯನ್ನು ನೆಚ್ಚಿಕೊಳ್ಳದೆ ಊರೂರಿಗೆ ಕೆರೆ ಕಟ್ಟಿದರು, ಬಾವಿ ತೋಡಿದರು. ಅವರ ಮೊಮ್ಮಕ್ಕಳಾದ ನಾವು ಬೋರ್‌ವೆಲ್ ಕೊರೆದೆವು. ಮೊದಲು ಇನ್ನೂರು ಅಡಿ, ಆಮೇಲೆ ಐನೂರು, ಈಗ ಸಾವಿರ ದಾಟಿದೆ.

ನನ್ನ ಅಕ್ಕನ ಮನೆ ಇರುವುದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಊರಿನಿಂದ ಅರ್ಧ ಮೈಲಿ ಆಚೆ, ಮಾವಿನ ತೋಪಿನ ಪಕ್ಕದ ತೋಟದ ಮನೆ. ಏಳನೇ ತರಗತಿ ಮುಗಿಸಿದ್ದ ಮೊಮ್ಮಗಳನ್ನು ಕರೆದುಕೊಂಡು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೊರಟೆ. ಅವಳು ಹೊರಟದ್ದು ಮಾವಿನಹಣ್ಣಿಗೆ. ನನಗೆ ಬೇರೊಂದು ಕೆಲಸವಿತ್ತು. ಅಕ್ಕ ಫೋನಿನಲ್ಲಿ ಹೇಳಿದ್ದಳು:

“ದೊಡ್ಡ ಹುಡುಗನ ಹಲ್ಲು ನೋಡಿ ಡಾಕ್ಟ್ರು ನೀರು ಪರೀಕ್ಷೆ ಮಾಡ್ಸಿ ಅಂದ್ರು ಕಣೋ. ಎಲ್ಲಿ ಮಾಡ್ಸೋದು, ಯಾರನ್ನ ಕೇಳೋದು, ಒಂದೂ ಗೊತ್ತಾಗ್ತಿಲ್ಲ. ಮನೇಲಿ ಇನ್ನೊಂದು ಚಿಕ್ಕ ಕೂಸಿದೆ. ನೀನು ಲೆಕ್ಕಪತ್ರದೋನು, ಬಂದು ನೋಡು.”

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನನ್ನು ಲೆಕ್ಕ ನೋಡಲು ಕರೆದರೆ ಬೇಡ ಎನ್ನುವುದುಂಟೇ?

ತುಂಬಿದ ಕೆರೆ, ಬಸವನ ಬಾಯಿ

ಬೆಂಗಳೂರಿನಿಂದ ಹಳೇ ಮದ್ರಾಸು ರಸ್ತೆ ಹಿಡಿದರೆ ಕೋಲಾರಕ್ಕೆ ಸುಮಾರು 70 ಕಿಲೋಮೀಟರು. ಹೊಸಕೋಟೆ ದಾಟಿ ನರಸಾಪುರದ ಕಡೆ ಬರುತ್ತಿದ್ದಂತೆ ಕಿಟಕಿಯಾಚೆ ಒಂದು ಕೆರೆ ಕಂಡಿತು. ಏಪ್ರಿಲ್ ಬಿಸಿಲಿನಲ್ಲೂ ನೀರು, ನೀರಿನ ಅಂಚಿನಲ್ಲಿ ಕೊಕ್ಕರೆಗಳು.

“ತಾತ, ಇಲ್ಲಿ ನೀರೇ ಇಲ್ಲ ಅಂದ್ರಿ?” ಎಂದಳು ಮೊಮ್ಮಗಳು.

ನಾನು ಹೇಳಿದೆ: “ಅದು ನಮ್ಮ ಬೆಂಗಳೂರಿನದೇ ನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸೇರುವ ಊರಿನ ಬಳಸಿದ ನೀರನ್ನು ಸಂಸ್ಕರಿಸಿ, ದೊಡ್ಡ ಪೈಪಿನಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ನೆಲದೊಳಕ್ಕೆ ಇಂಗಿ ಅಂತರ್ಜಲ ಹೆಚ್ಚಲಿ ಅಂತ.”

“ಕುಡೀಬಹುದಾ?”

“ಇಲ್ಲ. ಅದು ನೆಲಕ್ಕೆ ಕೊಟ್ಟ ನೀರು, ಲೋಟಕ್ಕೆ ಕೊಟ್ಟದ್ದಲ್ಲ.”

“ನೋಡೋಕೆ ಚೆನ್ನಾಗೇ ಇದೆಯಲ್ಲ!”

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಒಂದು ವಾರ ನಾವು ಕೇಳಿದ್ದೆಲ್ಲ ಇದೇ ಮಾತು.

ಕೋಲಾರದಲ್ಲಿ ಇಳಿದು, ಬಿಸಿಲು ಏರುವ ಮೊದಲು ಅಂತರಗಂಗೆಗೆ ಹೋದೆವು. ಊರಿನ ಪಕ್ಕದಲ್ಲೇ ಶತಶೃಂಗ ಪರ್ವತದ ಸಾಲು. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಗುಡಿಯ ಮುಂದೆ ಕಲ್ಯಾಣಿ. ಕಲ್ಲಿನ ಬಸವನ ಬಾಯಿಯಿಂದ ನೀರು ಸುರಿಯುತ್ತಲೇ ಇರುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ಕೆಳಗೆ ಊಟೆಯಾಗಿ ಹೊರಬರುತ್ತದೆ. ಒಣನಾಡಿನ ಮಧ್ಯೆ ಹೀಗೆ ನೀರು ಸುರಿಯುವುದನ್ನು ಕಂಡವರು ಅದನ್ನು ಗಂಗೆ ಎಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಾನು ಕೈಯೊಡ್ಡಿ ತೀರ್ಥದಷ್ಟು ತೆಗೆದುಕೊಂಡೆ, ತಲೆಗೆ ಹಚ್ಚಿಕೊಂಡೆ. ಅಲ್ಲಿಗೆ ಬಂದಿದ್ದ ಕೆಲವರು ಕ್ಯಾನು ತುಂಬಿಸಿಕೊಳ್ಳುತ್ತಿದ್ದರು. ಮೊಮ್ಮಗಳು ಮೆಲ್ಲಗೆ ಕೇಳಿದಳು, “ತಾತ, ಇದರ ರಿಪೋರ್ಟ್ ಎಲ್ಲಿರುತ್ತೆ?” ಅಷ್ಟು ಹೊತ್ತಿಗೆ ಒಂದು ಕೋತಿ ಅವಳ ಕೈಯಲ್ಲಿದ್ದ ಬಾಳೆಹಣ್ಣಿಗೆ ಕೈ ಹಾಕಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು.

ಎರಡು ಬಾಟಲಿ, ಎರಡು ನಿಯಮ

ಹಳ್ಳಿಯ ಬಸ್ಸು ಹತ್ತುವ ಮೊದಲು ಕೋಲಾರದಲ್ಲೇ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಹೋದೆವು. ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತಲ್ಲ, ನಮ್ಮಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎನ್ನುತ್ತಾರೆ. ಆ ಯೋಜನೆ ಬಂದ ಮೇಲೆ ಸರ್ಕಾರದ ಈ ಪ್ರಯೋಗಾಲಯಗಳ ಬಾಗಿಲು ಸಾರ್ವಜನಿಕರಿಗೂ ತೆರೆದಿದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ತಮ್ಮ ಮನೆಯ ನೀರನ್ನು ಪರೀಕ್ಷೆಗೆ ಕೊಡಬಹುದು.

ಬರಿಗೈಯಲ್ಲಿ ಮೊದಲು ಹೋಗಿದ್ದು ಒಳ್ಳೆಯದಾಯಿತು. ಅಲ್ಲಿದ್ದ ಹುಡುಗಿ ನಮಗೆ ಎರಡು ಬಗೆಯ ಬಾಟಲಿ ತೋರಿಸಿದಳು.

“ಸರ್, ಲವಣಗಳ ಪರೀಕ್ಷೆಗೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಯಾವ ನೀರು ತುಂಬುತ್ತೀರೋ ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿ. ಈ ಚಿಕ್ಕ ಬಾಟಲಿ ಇದೆಯಲ್ಲ, ಇದು ರೋಗಾಣು ಪರೀಕ್ಷೆಗೆ. ಇದನ್ನ ತೊಳೀಲೇಬಾರದು. ನಾವು ಮೊದಲೇ ಶುದ್ಧ ಮಾಡಿ ಮುಚ್ಚಿಟ್ಟಿದ್ದೀವಿ. ಮುಚ್ಚಳದ ಒಳಗೆ ಬೆರಳು ತಾಗಬಾರದು. ತುಂಬಿದ ಮೇಲೆ ಐಸ್ ಪಕ್ಕ ಇಟ್ಟುಕೊಂಡು ಆರು ಗಂಟೆಯೊಳಗೆ ತಂದುಕೊಟ್ಟರೆ ಒಳ್ಳೇದು.”

ಮೊಮ್ಮಗಳು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ದೊಡ್ಡದು ತೊಳೆ, ಚಿಕ್ಕದು ತೊಳೆಯಬೇಡ. ಸುಲಭವಾಗಿ ನೆನಪಿರುತ್ತದೆ. ಇದರ ಹಿಂದಿನ ಕಾರಣವೂ ಸರಳ. ರೋಗಾಣು ಎಂದರೆ ಜೀವ. ಅದು ನಮ್ಮ ಬೆರಳಿನಿಂದಲೂ ಬಾಟಲಿಗೆ ಹೋಗಬಲ್ಲದು, ಬೆಚ್ಚಗೆ ಇಟ್ಟರೆ ಬಾಟಲಿಯೊಳಗೇ ಹೆಚ್ಚಾಗಬಲ್ಲದು. ಲವಣ ಹಾಗಲ್ಲ. ಅದು ಇದ್ದಷ್ಟೇ ಇರುತ್ತದೆ.

ಪಕ್ಕದ ಮನೆಯ ಲೆಕ್ಕ

ಅಕ್ಕನ ಮನೆಯಲ್ಲಿ ಎರಡು ನೀರಿನ ಮೂಲಗಳಿವೆ. ಒಂದು ತೋಟದ ಬೋರ್‌ವೆಲ್, ಒಂಬೈನೂರು ಅಡಿ. ಕನ್ನಡಿಯಂಥ ನೀರು. ಕುಡಿಯಲು, ಅಡುಗೆಗೆ ಅದೇ. ಇನ್ನೊಂದು ಭಾವನವರ ತಂದೆಯ ಕಾಲದ ತೆರೆದ ಬಾವಿ. ಬಹಳ ವರ್ಷ ಒಣಗಿದ್ದದ್ದು, ಒಳ್ಳೆಯ ಮಳೆಯಾಗಿ ಮತ್ತೆ ನೀರು ಬಂದಿದೆ. ಅದರಲ್ಲಿ ಎಲೆ, ಕಸ, ಪಾಚಿ. ದನಗಳ ಮೈ ತೊಳೆಯಲು ಮಾತ್ರ ಬಳಕೆ.

ಅಕ್ಕನ ದೊಡ್ಡ ಮೊಮ್ಮಗನಿಗೆ ಹನ್ನೆರಡು ವರ್ಷ. ಚುರುಕು ಹುಡುಗ. ಆದರೆ ನಗುವಾಗ ತುಟಿ ಬಿಚ್ಚುವುದಿಲ್ಲ. ಗೋಡೆಯ ಮೇಲಿದ್ದ ಶಾಲೆಯ ಗ್ರೂಪ್ ಫೋಟೋದಲ್ಲಿಯೂ ಬಾಯಿ ಮುಚ್ಚಿಕೊಂಡೇ ನಿಂತಿದ್ದಾನೆ. ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಅಡ್ಡಡ್ಡ ಕಂದು ಗೆರೆ. “ಸರಿಯಾಗಿ ಹಲ್ಲುಜ್ಜಲ್ಲ ಅಂತ ಎಲ್ಲರೂ ಬಯ್ತಾರೆ ತಾತ. ನಾನು ದಿನಾ ಎರಡು ಸಲ ಉಜ್ತೀನಿ,” ಎಂದು ಅವನು ನೆಲ ನೋಡುತ್ತಾ ಹೇಳಿದ.

ಅವನ ತಂಗಿಗೆ ಈಗ ಮೂರು ವರ್ಷ. ಅವಳ ಹಲ್ಲು ಮಲ್ಲಿಗೆ ಮೊಗ್ಗಿನಂತಿವೆ. ಆದರೆ ಅವು ಬೀಳುವ ಹಲ್ಲು. ಅವಳ ಬಾಳಿಡೀ ಇರಬೇಕಾದ ಹಲ್ಲುಗಳು ಈಗ ವಸಡಿನೊಳಗೆ, ಯಾರ ಕಣ್ಣಿಗೂ ಕಾಣದೆ ತಯಾರಾಗುತ್ತಿವೆ. ಸುಮಾರು ಎಂಟು ವರ್ಷದ ತನಕ ಆ ಕೆಲಸ ನಡೆಯುತ್ತದೆ. ಆ ಹೊತ್ತಿನಲ್ಲಿ ಕುಡಿದ ನೀರಿನಲ್ಲಿ ಏನಿತ್ತು ಎನ್ನುವುದು ಆಮೇಲೆ ಹಲ್ಲಿನ ಮೇಲೆ ಬರೆದಿರುತ್ತದೆ. ಅಕ್ಕನಿಗಿದ್ದ ಆತುರ ಇದಕ್ಕೇ.

ಮೊದಲು ಗ್ರಾಮ ಪಂಚಾಯಿತಿಗೆ ಹೋದೆವು. ಊರಿಗೆ ನೀರು ಬಿಡುವ ನೀರುಗಂಟಿ ನಮ್ಮನ್ನು ಒಳಗೆ ಕರೆದುಕೊಂಡು ಹೋದ. ಸರ್ಕಾರದ ನಿಯಮದಂತೆ ಊರಿನ ಕುಡಿಯುವ ನೀರಿನ ಮೂಲವನ್ನು ಲವಣಗಳಿಗಾಗಿ ವರ್ಷಕ್ಕೊಮ್ಮೆ, ರೋಗಾಣುಗಳಿಗಾಗಿ ಎರಡು ಬಾರಿ, ಅಂದರೆ ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಪರೀಕ್ಷಿಸಬೇಕು. ಆ ವರದಿ ಪಂಚಾಯಿತಿಯಲ್ಲಿ ಇರುತ್ತದೆ. ಜಲ ಜೀವನ್ ಮಿಷನ್ನಿನ ಜಾಲತಾಣದಲ್ಲಿಯೂ ರಾಜ್ಯ, ಜಿಲ್ಲೆ, ಊರಿನ ಹೆಸರು ಆರಿಸುತ್ತಾ ಹೋದರೆ ಸಿಗುತ್ತದೆ. ಮೊಮ್ಮಗಳು ಫೋನಿನಲ್ಲಿ ಹುಡುಕಿದಳು, ನಾನು ಕಾಗದದಲ್ಲಿ ಹುಡುಕಿದೆ. ಇಬ್ಬರಿಗೂ ಒಂದೇ ಅಂಕಿ ಸಿಕ್ಕಿತು. ಊರಿನ ನಲ್ಲಿಗೆ ಬರುವ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ 0.9.

“ಅಬ್ಬ, ಹಾಗಾದ್ರೆ ಸರಿಯಾಗೇ ಇದೆ,” ಎಂದ ಅಕ್ಕನ ಮಗ.

“ಊರಿನದು ಸರಿಯಾಗಿದೆಯಪ್ಪ. ನೀವು ಕುಡಿಯುವುದು ತೋಟದ್ದು,” ಎಂದೆ. “ಪಕ್ಕದ ಮನೆಯವರ ಪಾಸ್‌ಬುಕ್ ನೋಡಿ ನಮ್ಮ ಖಾತೆಯಲ್ಲಿ ಎಷ್ಟಿದೆ ಅಂತ ಹೇಳೋಕಾಗುತ್ತಾ?”

ಬಂಡೆಯೊಳಗಿನ ಬಿರುಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮೇಲೆ ನಿಂತವರಿಗೆ ಕಾಣದು. ಒಂದೇ ಊರಿನ ಎರಡು ಬೋರ್‌ವೆಲ್ಲುಗಳ ನೀರು ಬೇರೆ ಬೇರೆ ಇರಬಹುದು. ಊರಿನ ವರದಿ ನೋಡುವುದು ಮೊದಲ ಮೆಟ್ಟಿಲು, ಅಷ್ಟೇ. ಸ್ವಂತ ಬೋರು, ಸ್ವಂತ ಬಾವಿ ಇದ್ದವರು ಎರಡನೇ ಮೆಟ್ಟಿಲನ್ನೂ ಹತ್ತಬೇಕು.

ಹಳದಿ ತಿರುಗಿದ ನೀರು, ಕಪ್ಪಾದ ಶೀಶೆ

ಹಳ್ಳಿಗಳಲ್ಲಿ ನೀರು ಪರೀಕ್ಷಿಸಲು ಐದು ಜನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಏರ್ಪಾಡಿದೆ. ಪಂಚಾಯಿತಿಯವರು ಹೇಳಿ ಕಳಿಸಿದ್ದರಿಂದ ಸ್ತ್ರೀಶಕ್ತಿ ಸಂಘದ ಒಬ್ಬಾಕೆ ಸಂಜೆ ಪೆಟ್ಟಿಗೆ ಹಿಡಿದು ಬಂದರು. ಒಳಗೆ ಪುಟ್ಟ ಶೀಶೆಗಳು, ಹನಿ ಹಾಕುವ ಬಾಟಲಿಗಳು, ಬಣ್ಣದ ಪಟ್ಟಿ. ಮಕ್ಕಳೆಲ್ಲ ಜಗಲಿಯ ಮೇಲೆ ಸುತ್ತ ಕುಳಿತರು.

ಬಾವಿಯ ನೀರಿಗೆ ಹನಿ ಹಾಕಿದಾಗ ನಸುಗೆಂಪು ಬಣ್ಣ ಹಾಗೇ ಉಳಿಯಿತು. ಬೋರ್‌ವೆಲ್ ನೀರಿಗೆ ಹಾಕಿದಾಗ ಕೆಂಪು ಮಾಯವಾಗಿ ಹಳದಿಗೆ ತಿರುಗಿತು. “ಫ್ಲೋರೈಡ್ ಜಾಸ್ತಿ ಇದ್ದರೆ ಹಳದಿ,” ಎಂದರು ಆಕೆ, ಬಣ್ಣದ ಪಟ್ಟಿಯ ಪಕ್ಕ ಹಿಡಿದು ತೋರಿಸುತ್ತಾ. ಯಾರೂ ಮಾತಾಡಲಿಲ್ಲ. ಕನ್ನಡಿಯಂಥ ನೀರು ಅದು!

ಆಮೇಲೆ ಇನ್ನೆರಡು ಶೀಶೆಗಳಲ್ಲಿ ಎರಡೂ ನೀರನ್ನು ತುಂಬಿ ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿಟ್ಟರು. ಮಲದ ಮೂಲಕ ಬರುವ ರೋಗಾಣುಗಳು ನೀರಿನಲ್ಲಿದ್ದರೆ ಒಂದೆರಡು ದಿನದಲ್ಲಿ ಆ ಶೀಶೆ ಕಪ್ಪಾಗುತ್ತದೆ. ಈ ಅಗ್ಗದ, ಜಾಣ ಪರೀಕ್ಷೆಯನ್ನು 1982ರಲ್ಲಿ ಪ್ರಕಟಿಸಿದವರು ನಮ್ಮ ಭಾರತದ ವಿಜ್ಞಾನಿಗಳೇ ಎಂದು ಮಕ್ಕಳಿಗೆ ತಿಳಿದಿರಲಿ. ಮರುದಿನ ಸಂಜೆಗೆ ಬೋರ್‌ವೆಲ್ಲಿನ ಶೀಶೆ ತಿಳಿಯಾಗಿಯೇ ಇತ್ತು. ಬಾವಿಯದು ಮಸಿಯಂತೆ ಕಪ್ಪಾಗಿತ್ತು.

ಪೆಟ್ಟಿಗೆಯ ಪರೀಕ್ಷೆ ಸುಳಿವು ಕೊಡುತ್ತದೆ, ಅಂಕಿ ಕೊಡುವುದು ಪ್ರಯೋಗಾಲಯ. ಹಾಗಾಗಿ ಮೂರನೇ ದಿನ ಬೆಳಿಗ್ಗೆ ಮೋಟಾರು ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಟ್ಟೆವು. ಪೈಪಿನಲ್ಲಿ ನಿಂತಿದ್ದ ನೀರು ಹೋಗಿ ಹೊಸ ನೀರು ಬರಲಿ ಎಂದು. ನಂತರ ಬಾಟಲಿ ತುಂಬಿದೆವು. ಮೊಮ್ಮಗಳು ಚೀಟಿ ಬರೆದು ಅಂಟಿಸಿದಳು: ಊರು, ಮೂಲ, ತಾರೀಖು, ಗಂಟೆ. ಸೋಡಾ ಅಂಗಡಿಯ ಐಸ್ ಹಾಕಿದ ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಅಕ್ಕನ ಮಗ ಬೈಕಿನಲ್ಲಿ ಕೋಲಾರಕ್ಕೆ ಹೊರಟ. “ಶುಲ್ಕದ ರಸೀದಿ ಮರೀಬೇಡ,” ಎಂದೆ. ಹಳೆಯ ಅಭ್ಯಾಸ.

ಹತ್ತು ಲಕ್ಷದಲ್ಲಿ ಒಂದು ರೂಪಾಯಿ

ನಾಲ್ಕು ದಿನದ ನಂತರ ವರದಿ ಬಂತು. ಒಂದು ಪುಟ, ಎರಡು ಸಾಲು ಅಂಕಿ. ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಕನ್ನಡಕ ಹಾಕಿಕೊಂಡು, ಮಕ್ಕಳಿಗೆ ಮೊದಲು ‘ಲೀಟರಿಗೆ ಮಿಲಿಗ್ರಾಂ’ ಎಂದರೇನೆಂದು ಹೇಳಿದೆ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಒಂದು ಕಿಲೋ ಎಂದರೆ ಸಾವಿರ ಗ್ರಾಂ, ಅಂದರೆ ಹತ್ತು ಲಕ್ಷ ಮಿಲಿಗ್ರಾಂ. ಹಾಗಾಗಿ ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ರೂಪಾಯಿಯಲ್ಲಿ ಒಂದು ರೂಪಾಯಿ. “ಅಷ್ಟಕ್ಕೆ ಏನಾಗುತ್ತೆ?” ಎಂದ ಹುಡುಗ. ನಾನು ನಕ್ಕೆ. ದಿನದ ಲೆಕ್ಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರ ತನಕ ಲೆಡ್ಜರು ತಿರುವಿ ಹುಡುಕುತ್ತಿದ್ದ ಕಾಲ ನಮ್ಮದು. ದಿನಕ್ಕೊಂದು ರೂಪಾಯಿ ತಪ್ಪಿದರೆ ವರ್ಷದ ಕೊನೆಗೆ ಏನಾಗುತ್ತದೆ? ದೇಹವೂ ಹಾಗೆಯೇ. ಫ್ಲೋರೈಡ್ ಹಲ್ಲಿನಲ್ಲಿ, ಮೂಳೆಯಲ್ಲಿ ಜಮೆಯಾಗುತ್ತಾ ಹೋಗುತ್ತದೆ.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಐಎಸ್ 10500 ಎಂಬ ಮಾನದಂಡ ಮಾಡಿದೆ. ಅದರಲ್ಲಿ ಹೆಚ್ಚಿನ ಲವಣಗಳಿಗೆ ಎರಡು ಗೆರೆಗಳಿವೆ. ಮೊದಲನೆಯದರ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದೇ ಇದ್ದರೆ ಎರಡನೆಯ ಗೆರೆಯವರೆಗೂ ಹೋಗಬಹುದು, ಅದರಾಚೆ ಹೋಗಬಾರದು. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ಫ್ಲೋರೈಡಿಗೆ ಆ ಗೆರೆಗಳು 1 ಮತ್ತು 1.5. ಕರಗಿದ ಒಟ್ಟು ಲವಣಕ್ಕೆ 500 ಮತ್ತು 2,000. ಗಡಸುತನಕ್ಕೆ 200 ಮತ್ತು 600. ಗೊಬ್ಬರ ಮತ್ತು ಕೊಳಚೆಯಿಂದ ಬರುವ ನೈಟ್ರೇಟಿಗೆ ಒಂದೇ ಗೆರೆ, 45. ಇ-ಕೋಲಿ ರೋಗಾಣುವಿಗೆ ಗೆರೆಯೇ ಇಲ್ಲ. 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು.

ಅಕ್ಕನ ಬೋರ್‌ವೆಲ್: ಒಟ್ಟು ಲವಣ 640, ನೈಟ್ರೇಟ್ 31, ಇ-ಕೋಲಿ ಇಲ್ಲ, ಫ್ಲೋರೈಡ್ 2.6.

ಹಳೆಯ ಬಾವಿ: ಒಟ್ಟು ಲವಣ 520, ನೈಟ್ರೇಟ್ 24, ಫ್ಲೋರೈಡ್ 0.6, ಇ-ಕೋಲಿ ಇದೆ.

“ಟಿಡಿಎಸ್ ಕಡ್ಡಿ ಇಟ್ಟು ನೋಡಿದೋನು ನೀರು ಪರವಾಗಿಲ್ಲ ಅಂದಿದ್ನಲ್ಲ ಮಾವ?” ಎಂದ ಅಕ್ಕನ ಮಗ. ಬ್ಯಾಂಕಿನವರಿಗೆ ಟಿಡಿಎಸ್ ಎಂದರೆ ಬಡ್ಡಿಯಲ್ಲಿ ಹಿಡಿಯುವ ತೆರಿಗೆ. ನೀರಿನವರಿಗೆ ಕರಗಿದ ಒಟ್ಟು ಲವಣ. ಒಟ್ಟು ಎನ್ನುವ ಮಾತನ್ನು ಹಿಡಿದುಕೊಳ್ಳಿ. ಅದು ಪುಟದ ಕೆಳಗಿನ ಮೊತ್ತ ಮಾತ್ರ. ಆ ಮೊತ್ತದಲ್ಲಿ ಒಳ್ಳೆಯ ಸುಣ್ಣದ ಅಂಶವೆಷ್ಟು, ಫ್ಲೋರೈಡ್ ಎಷ್ಟು ಎಂದು ಕಡ್ಡಿಗೆ ಗೊತ್ತಿಲ್ಲ. ರೋಗಾಣುವಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ಕುದಿಸಿದರೆ ಹೋಗುವುದು, ಹೋಗದಿರುವುದು

“ಕುದಿಸಿ ಕುಡಿದರಾಯ್ತು ಬಿಡು,” ಎಂದಳು ಅಕ್ಕ. ಎಲ್ಲ ಅಜ್ಜಿಯರೂ ಹೇಳುವ ಮಾತಿದು, ರೋಗಾಣುಗಳ ವಿಷಯದಲ್ಲಿ ನೂರಕ್ಕೆ ನೂರು ಸರಿ. ಕಳಕಳ ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ಫ್ಲೋರೈಡಿಗೆ ಪ್ರಾಣವಿಲ್ಲ, ಸಾಯುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ. ಒಂದು ಲೀಟರ್ ಕುದಿದು ಮುಕ್ಕಾಲು ಲೀಟರ್ ಆದರೆ, ಲೀಟರಿಗೆ 2.6 ಇದ್ದದ್ದು ಸುಮಾರು 3.5 ಆಗುತ್ತದೆ. ಹುಡುಗನಿಗೆ ಪೆನ್ಸಿಲ್ ಕೊಟ್ಟು ಭಾಗಾಕಾರ ಮಾಡಿಸಿದೆ. ಅವನೇ ಲೆಕ್ಕ ಮಾಡಿ ಅಜ್ಜಿಗೆ ತೋರಿಸಿದ.

ಅಕ್ಕ ಬಹಳ ಹೊತ್ತು ಬಾವಿಯ ಕಡೆ ನೋಡುತ್ತಾ ಕುಳಿತಳು. ಎಲ್ಲರೂ ಕೊಳಕೆಂದು ಬಿಟ್ಟ ಬಾವಿಯ ದೋಷವನ್ನು ಒಲೆಯ ಮೇಲೆ ಕಳೆಯಬಹುದು. ಶುದ್ಧವೆಂದು ನಂಬಿದ ಬೋರ್‌ವೆಲ್ಲಿನ ದೋಷವನ್ನು ಒಲೆ ಹೆಚ್ಚಿಸುತ್ತದೆ! ಕಣ್ಣು ಹೇಳಿದ್ದಕ್ಕೆ ಕಾಗದ ಹೇಳಿದ್ದು ತಿರುಗುಮುರುಗಾಗಿತ್ತು.

ಇದು ಅಕ್ಕನ ತೋಟದ ದೋಷವಲ್ಲ. ಈ ಕಡೆಯ ಬಂಡೆಗಳ ಗುಣ. ಕಪ್ಪು ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿರುತ್ತದೆ. ಆಳದಲ್ಲಿ ಬಹುಕಾಲ ಬಂಡೆಗೆ ಅಂಟಿ ನಿಂತ ನೀರಿಗೆ ಅದು ಮೆಲ್ಲಗೆ ಕರಗಿ ಸೇರುತ್ತದೆ. ಮಳೆಯ ಹೊಸ ನೀರು ಸೇರುವ ಬಾವಿಗೆ ಅಷ್ಟು ಕಾಲಾವಕಾಶ ಸಿಗುವುದಿಲ್ಲ. ಭಾರತದಲ್ಲಿ ಈ ಕಾಯಿಲೆಯನ್ನು ವೈದ್ಯರು 1937ರಲ್ಲಿ ಮೊದಲು ವರದಿ ಮಾಡಿದ್ದು ನೆರೆಯ ಆಂಧ್ರದ ನೆಲ್ಲೂರು ಸೀಮೆಯಲ್ಲಿ. ಹಲ್ಲಿನ ಕಲೆಯಷ್ಟೇ ಅಲ್ಲ, ಹೆಚ್ಚು ಫ್ಲೋರೈಡನ್ನು ಬಹಳ ವರ್ಷ ಕುಡಿದವರ ಬೆನ್ನು, ಕೀಲುಗಳು ಬಿಗಿದುಕೊಂಡು ಬಗ್ಗಲಾರದಂತಾಗುತ್ತವೆ.

ಮನೆಯಲ್ಲಿ ಅಂದೇ ಒಂದು ತೀರ್ಮಾನವಾಯಿತು. ಬೋರ್‌ವೆಲ್ ನೀರು ಸ್ನಾನಕ್ಕೆ, ಪಾತ್ರೆಗೆ, ಗಿಡಕ್ಕೆ. ಸದ್ಯಕ್ಕೆ ಕುಡಿಯಲು ಮತ್ತು ಅಡುಗೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು. ಅಡುಗೆಗೂ ಎಂದು ಒತ್ತಿ ಹೇಳುತ್ತೇನೆ. ಮುದ್ದೆಯ ಎಸರಿನಲ್ಲಿ, ಬೇಳೆಯ ಕಟ್ಟಿನಲ್ಲಿ ಹೊಟ್ಟೆಗೆ ಹೋಗುವುದೂ ನೀರೇ ಅಲ್ಲವೇ? ಘಟಕದಲ್ಲಿರುವುದು ಆರ್‌ಒ ಯಂತ್ರ. ಅದು ಫ್ಲೋರೈಡನ್ನು ತೆಗೆಯುತ್ತದೆ, ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಹಾಗಾಗಿ ಆ ನೀರನ್ನೂ ಪರೀಕ್ಷೆಗೆ ಕೊಟ್ಟು ಬಂದೆವು. ಬಾವಿಯನ್ನು ತೋಡಿ ಕೆಸರು ತೆಗೆಸಿ, ಕಟ್ಟೆ ಎತ್ತರಿಸಿ, ಬಲೆ ಹಾಕಿ, ದನದ ಕೊಟ್ಟಿಗೆಯ ನೀರು ಆ ಕಡೆ ಹರಿಯದಂತೆ ಮಾಡಿ, ನೀರುಗಂಟಿಯಿಂದ ಅಳತೆ ಪ್ರಕಾರ ಬ್ಲೀಚಿಂಗ್ ಪುಡಿ ಹಾಕಿಸುವುದು. ಮತ್ತೆ ಪರೀಕ್ಷೆ ಮಾಡಿಸಿ, ಕುದಿಸಿ ಬಳಸುವುದು. ಮಳೆಗಾಲಕ್ಕೆ ಮೊದಲು ಹೆಂಚಿನ ಮಾಡಿಗೆ ದೋಣಿ ಕಟ್ಟಿ ಮಳೆನೀರು ಹಿಡಿಯುವುದು. ಮಳೆನೀರಿಗೆ ಬಂಡೆಯ ಸಹವಾಸವೇ ಇಲ್ಲ.

ಹುಡುಗ ವರದಿಯ ಕಾಗದವನ್ನು ತನ್ನ ಕೈಗೆ ತೆಗೆದುಕೊಂಡು 2.6 ಎಂಬಲ್ಲಿ ಬೆರಳಿಟ್ಟು ಕೇಳಿದ: “ಹಾಗಾದ್ರೆ ಇದು ನಾನು ಉಜ್ಜದೇ ಇದ್ದದ್ದಕ್ಕೆ ಬಂದ ಗೆರೆ ಅಲ್ಲ?”

“ಅಲ್ಲ ಕಂದ. ಕೊಳೆಯಾಗಿದ್ದರೆ ಉಜ್ಜಿದರೆ ಹೋಗುತ್ತಿತ್ತು. ಇದು ಹಲ್ಲು ಬೆಳೆಯುವಾಗಲೇ ಒಳಗಿನಿಂದ ಬಂದದ್ದು. ಹಲ್ಲಿನ ಡಾಕ್ಟ್ರು ಇದನ್ನ ಮರೆಮಾಡಬಲ್ಲರು. ನೀನೇನೂ ತಪ್ಪು ಮಾಡಿಲ್ಲ.”

ಅವನು ಆ ಕಾಗದವನ್ನು ಒಳಗೆ ಒಯ್ದು ಅವರ ಅಮ್ಮನಿಗೆ ಓದಿ ಹೇಳಿದ್ದು ಅಂಗಳಕ್ಕೂ ಕೇಳಿಸಿತು.

ನಿಮ್ಮ ಮನೆಯ ಪಾಸ್‌ಬುಕ್

ಊರಿಗೆ ಹೊರಡುವ ದಿನ ಮೊಮ್ಮಗಳು ನೋಟ್‌ಬುಕ್ಕಿನ ಒಂದು ಪುಟಕ್ಕೆ ಗೆರೆ ಎಳೆದು ಅಕ್ಕನ ಮನೆಯ ಗೋಡೆಗೆ ಅಂಟಿಸಿದಳು. ಮೇಲೆ ‘ನೀರಿನ ಪಾಸ್‌ಬುಕ್’ ಎಂದು ಬರೆದಿದ್ದಳು. ಓದುವ ಮಕ್ಕಳೇ, ನೀವೂ ಅಜ್ಜ ಅಜ್ಜಿಯರ ಜೊತೆ ಕುಳಿತು ಇದನ್ನು ಮಾಡಬಹುದು. ಮೊದಲು ಮನೆಗೆ ಎಲ್ಲೆಲ್ಲಿಂದ ನೀರು ಬರುತ್ತದೆ ಎಂದು ಪಟ್ಟಿ ಮಾಡಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯಲ್ಲಿ, ಪಟ್ಟಣದಲ್ಲಿದ್ದರೆ ಪುರಸಭೆ ಅಥವಾ ಜಲಮಂಡಳಿಯಲ್ಲಿ ಕಳೆದ ಪರೀಕ್ಷೆಯ ವರದಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಗ್ರಾಮಸಭೆಯಲ್ಲಿಯೂ ಕೇಳಬಹುದು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಯನ್ನೂ ಕೊಡಬಹುದು. ಸ್ವಂತ ಬೋರು, ಬಾವಿ ಇದ್ದರೆ ಸರ್ಕಾರಿ ಪ್ರಯೋಗಾಲಯಕ್ಕೋ, ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಪ್ರಯೋಗಾಲಯಕ್ಕೋ ನೀರು ಕೊಡಿ. ಯಂತ್ರ ಮಾರಲು ಬಂದವರು ಬಾಗಿಲಲ್ಲೇ ಮಾಡಿ ತೋರಿಸುವ ಪರೀಕ್ಷೆಯನ್ನು ನಂಬಿ ದುಡ್ಡು ಕೊಡಬೇಡಿ. ಮೊದಲು ವರದಿ, ಆಮೇಲೆ ಯಂತ್ರ.

ಪಟ್ಟಣದವರಿಗೆ ಇನ್ನೊಂದು ಮಾತು. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಬರುತ್ತದೆ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದು ನೀರಿನ ಕಾವಲುಗಾರ. ಆದರೆ ಸಂಪಿನಲ್ಲಿ, ತಾರಸಿಯ ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತರೆ ಆ ಕಾವಲುಗಾರ ಇಲ್ಲವಾಗುತ್ತಾನೆ. ಮಂಡಳಿಯ ವರದಿ ನಿಮ್ಮ ಗೇಟಿನವರೆಗೆ. ಗೇಟಿನ ಒಳಗಿನ ಸಂಪು, ಟ್ಯಾಂಕು ನಿಮ್ಮ ಖಾತೆಗೆ ಸೇರಿದ್ದು.

ಮೊಮ್ಮಗಳು ಗೋಡೆಗೆ ಅಂಟಿಸಿದ ಪುಟದಲ್ಲಿ ಆರು ಕಾಲಂಗಳಿವೆ: ತಾರೀಖು, ನೀರಿನ ಮೂಲ, ಫ್ಲೋರೈಡ್, ನೈಟ್ರೇಟ್, ರೋಗಾಣು, ಮುಂದಿನ ಪರೀಕ್ಷೆ ಯಾವಾಗ. ಕೊನೆಯ ಕಾಲಂ ಮುಖ್ಯವಾದದ್ದು, ಏಕೆಂದರೆ ಮಳೆ ಬಂದಾಗ, ಬತ್ತಿದಾಗ, ಬೋರು ಇನ್ನೂ ಆಳಕ್ಕೆ ಇಳಿದಾಗ ನೀರು ಬದಲಾಗುತ್ತದೆ. ಅಕ್ಕನ ಬಾವಿಯ ಸಾಲಿನಲ್ಲಿ ಅಲ್ಲಿ ‘ಮಳೆಗಾಲ ಮುಗಿದ ಮೇಲೆ, ನವೆಂಬರ್’ ಎಂದು ಬರೆದಿದೆ. ಅಕ್ಷರ ಆ ಹನ್ನೆರಡು ವರ್ಷದ ಹುಡುಗನದು. ಅಂದು ನೀರು ತುಂಬಿಕೊಂಡು ಕೋಲಾರಕ್ಕೆ ಹೋಗುವವನು ತಾನೇ ಎಂದು ಈಗಲೇ ಹೇಳಿಟ್ಟಿದ್ದಾನೆ. ದೊಡ್ಡ ಬಾಟಲಿ ತೊಳೆಯಬೇಕು, ಚಿಕ್ಕದು ತೊಳೆಯಬಾರದು ಎನ್ನುವುದು ಅವನಿಗೆ ಬಾಯಿಪಾಠವಾಗಿದೆ.